ವಯಸ್ಸಾಯಿತು, ಹಗುರವಾಗಿ ತಿಂದರೆ ಸಾಕು ಅಂತ ಹೇಳಿಕೊಟ್ಟವರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕೇಳುವ ರೀತಿ ಬೇರೆ ಬೇರೆ, ಒಳಗಿರುವ ಮಾತು ಅದೇ. ಹೋದ ಸಲವೂ ಉತ್ತರ ಬರೆದಿದ್ದೆ, ಅದರ ಹಿಂದಿನ ಸಲವೂ ಬರೆದಿದ್ದೆ. ಈ ಸಲ ಸ್ವಲ್ಪ ಗದರಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಣ್ಣು ತರಕಾರಿ ತಿನ್ನಿ, ಕರಿದದ್ದು ಕಡಿಮೆ ಮಾಡಿ ಅನ್ನುವುದನ್ನೆಲ್ಲ ಇಲ್ಲಿ ಹುಡುಕಬೇಡಿ. ಅದು ನಿಮಗೆ ಗೊತ್ತಿರುವುದೇ.

"ಅಮ್ಮನಿಗೆ 76 ವರ್ಷ. ಶುಗರ್, ಬಿಪಿ ಎರಡೂ ಹಿಡಿತದಲ್ಲಿವೆ. ಬೆಳಿಗ್ಗೆ ಟೀ ಜೊತೆ ಬಿಸ್ಕತ್ತು, ಮಧ್ಯಾಹ್ನ ಸ್ವಲ್ಪ ಊಟ, ರಾತ್ರಿ ಒಂದು ಬಟ್ಟಲು ತೆಳು ಸೂಪು. ಈ ವಯಸ್ಸಿಗೆ ಇಷ್ಟು ಸಾಕು, ಮೈ ಹಗುರ ಅನಿಸುತ್ತದೆ ಅಂತಾರೆ. ಒಂದು ವರ್ಷದಲ್ಲಿ 58 ಕೆ.ಜಿ.ಯಿಂದ 53ಕ್ಕೆ ಇಳಿದಿದ್ದಾರೆ. ಮಂಡಿಗೂ ಒಳ್ಳೆಯದೇ ಆಯಿತು ಅಲ್ವಾ?"

ಇಲ್ಲ, ಒಳ್ಳೆಯದಾಗಿಲ್ಲ. ಪತ್ರದಲ್ಲಿ ಅದೊಂದು ಸಾಲನ್ನು ಖುಷಿಯಿಂದ ಬರೆದಿದ್ದೀರಿ, ನನಗೆ ಭಯವಾಗಿದ್ದು ಅದೇ ಸಾಲು ಓದಿ.

ವಯಸ್ಸಾದವರು ತಾವಾಗಿ ಪ್ರಯತ್ನ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ 5ರಷ್ಟು ತೂಕ ಕಳೆದುಕೊಂಡರೆ ನಾವು ಕಾರಣ ಹುಡುಕಲು ಶುರು ಮಾಡುತ್ತೇವೆ. ನಿಮ್ಮ ಅಮ್ಮ ಕಳೆದುಕೊಂಡಿರುವುದು ಶೇ 8ಕ್ಕೂ ಜಾಸ್ತಿ. ಥೈರಾಯ್ಡ್ ಇರಬಹುದು, ಕ್ಯಾನ್ಸರ್ ಇರಬಹುದು, ಮನಸ್ಸು ಕುಗ್ಗಿರಬಹುದು, ಹಲ್ಲಿನ ಸೆಟ್ಟು ಸಡಿಲವಾಗಿ ಅಗಿಯಲು ಆಗದೆ, ಅದನ್ನು ಹೇಳಲು ಸಂಕೋಚವಾಗಿ "ಹಸಿವಿಲ್ಲ" ಅಂತ ತಟ್ಟೆ ಸರಿಸುತ್ತಿರಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೇ ಕೆಲವರ ಹಸಿವನ್ನು ಕೊಲ್ಲುತ್ತದೆ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು. ಆಮೇಲೆ ಊಟದ ಮಾತು.

ಆ 5 ಕೆ.ಜಿ. ಬರೀ ಕೊಬ್ಬು ಅಂದುಕೊಂಡಿದ್ದೀರಲ್ಲ, ತಪ್ಪು ಅಲ್ಲೇ ಇರುವುದು. ಈ ವಯಸ್ಸಿನಲ್ಲಿ ಕಡಿಮೆ ತಿಂದು ತೂಕ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಮತ್ತೆ ತೂಕ ಬಂದರೆ ಕೊಬ್ಬು ಸಲೀಸಾಗಿ ಬರುತ್ತದೆ, ಸ್ನಾಯು ಅಷ್ಟು ಸಲೀಸಾಗಿ ಬರುವುದಿಲ್ಲ. ವಯಸ್ಸಿನ ಜೊತೆ ಸ್ನಾಯು ಕರಗುವುದಕ್ಕೆ ಸಾರ್ಕೊಪೀನಿಯ ಅಂತ ಹೆಸರು ಸಿಕ್ಕಿದ್ದೇ 1989ರಲ್ಲಿ. ಅಲ್ಲಿಯವರೆಗೆ ಅದನ್ನು ಎಲ್ಲರೂ "ವಯಸ್ಸು" ಅಂತ ಕರೆದು ಸುಮ್ಮನಿದ್ದರು. ಈಗಲೂ ಬಹಳ ಜನ ಹಾಗೇ ಇದ್ದಾರೆ. ಮಂಡಿಗೆ ಒಳ್ಳೆಯದಾಯಿತು ಅಂದಿರಿ. ಮಂಡಿಯನ್ನು ಹಿಡಿದು ನಿಲ್ಲಿಸುವುದೇ ತೊಡೆಯ ಸ್ನಾಯು, ಅದು ಸೋತರೆ ಮಂಡಿಗೆ ಆಸರೆ ಎಲ್ಲಿದೆ?

ವಯಸ್ಸಾದಂತೆ ಕ್ಯಾಲೊರಿ ಕಡಿಮೆ ಸಾಕು ಅನ್ನುವುದು ನಿಜ. ಆ ಅರ್ಧ ನಿಜವನ್ನು ಹಿಡಿದುಕೊಂಡೇ ಎಲ್ಲರೂ ತಟ್ಟೆಗೆ ಬಡಿಸುವುದನ್ನೇ ಕಡಿಮೆ ಮಾಡುವುದು. ಪ್ರೋಟೀನ್ ಮಾತ್ರ ಕಡಿಮೆ ಸಾಲುವುದಿಲ್ಲ, ಜಾಸ್ತಿಯೇ ಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ, ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.8 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಿಂದಲೇ ತಜ್ಞರ ಗುಂಪುಗಳು ಹೇಳುತ್ತಿವೆ. ಕಾಯಿಲೆ ಬಿದ್ದವರಿಗೆ ಇನ್ನೂ ಮೇಲೆ. ನಿಮ್ಮ ಅಮ್ಮನ 53 ಕೆ.ಜಿ.ಗೆ ಅದು 53ರಿಂದ 64 ಗ್ರಾಂ ಆಗುತ್ತದೆ. ನೀವು ಬರೆದ ಊಟದಲ್ಲಿ ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ 30 ಗ್ರಾಂ ದಾಟುವುದು ಕಷ್ಟ. ಸೂಪು ಅಂದರೆ ಬಹುಪಾಲು ನೀರು, ಸ್ವಾಮಿ.

ಇನ್ನೊಂದು ವಿಷಯ ಇದೆ. ಇಪ್ಪತ್ತೈದರ ಸ್ನಾಯು ಸ್ವಲ್ಪ ಪ್ರೋಟೀನ್ ಬಂದರೂ ಎದ್ದು ಕೆಲಸ ಶುರು ಮಾಡುತ್ತದೆ. ಎಪ್ಪತ್ತೈದರ ಸ್ನಾಯುವಿಗೆ ಕಿವಿ ಮಂದ, ಮೆಲ್ಲಗೆ ಕರೆದರೆ ಕೇಳಿಸುವುದಿಲ್ಲ. ಅದಕ್ಕೇ ಒಂದೊಂದು ಊಟದಲ್ಲೂ 25 ಗ್ರಾಂ ಹತ್ತಿರ ಪ್ರೋಟೀನ್ ಇದ್ದರೆ ಒಳ್ಳೆಯದು, ಮೂರು ಹೊತ್ತೂ ಆಗದಿದ್ದರೆ ಎರಡು ಹೊತ್ತಾದರೂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿಯಾಗಿ ಬೇಯಿಸಿದ ಕಾಳು ಒಂದು ದೊಡ್ಡ ಬಟ್ಟಲಿಗೆ 15 ಗ್ರಾಂ ಹತ್ತಿರ, ಅಂಗೈಯಗಲದ ಮೀನಿನ ತುಂಡಿಗೆ 20. ಅಂದರೆ ಆ ರಾತ್ರಿಯ ಸೂಪಿಗೇ ಎರಡು ಮೊಟ್ಟೆ ಒಡೆದು ಹಾಕಬಹುದು, ಕಾಳು ಅರೆದು ಸೇರಿಸಬಹುದು, ನೀರಿನ ಬದಲು ಹಾಲು ಹಾಕಬಹುದು. ಬಟ್ಟಲು ಅಷ್ಟೇ ಇರುತ್ತದೆ, ಅಮ್ಮನಿಗೂ ಜಾಸ್ತಿ ತಿಂದೆ ಅನಿಸುವುದಿಲ್ಲ.

"ಕಿಡ್ನಿ ಹಾಳಾಗಲ್ವಾ?" ಅಂತ ಕೇಳುವವರು ಈಗಾಗಲೇ ಕೈ ಎತ್ತಿರುತ್ತೀರಿ. ಚೆನ್ನಾಗಿರುವ ಕಿಡ್ನಿಯನ್ನು ಇಷ್ಟು ಪ್ರೋಟೀನ್ ಕೆಡಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಕಿಡ್ನಿ ಈಗಾಗಲೇ ತುಂಬಾ ಸೋತಿದ್ದು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದು, ಡಯಾಲಿಸಿಸ್ ಶುರುವಾಗಿಲ್ಲದಿದ್ದರೆ ಮೇಲಿನ ಲೆಕ್ಕ ನಿಮಗಲ್ಲ, ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ. ಡಯಾಲಿಸಿಸ್ ಆಗುತ್ತಿರುವವರಿಗೆ ತಿರುಗಾಮುರುಗ, ಅವರಿಗೆ ಪ್ರೋಟೀನ್ ಜಾಸ್ತಿ ಬೇಕು. ಅಮ್ಮನಿಗೆ ಶುಗರ್ ಇದೆಯಲ್ಲ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಮಾಡಿಸದೆ ಏನನ್ನೂ ಶುರು ಮಾಡಬೇಡಿ. ನಾನು ಸ್ವಲ್ಪ ಅಂಜುಬುರುಕ, ಇರಲಿ.

ಬರೀ ತಿನ್ನಿಸಿದರೂ ಆಗುವುದಿಲ್ಲ. 1990ರಲ್ಲಿ ಅಮೆರಿಕದಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೇಲೆ ಹೋಯಿತು. 1994ರಲ್ಲಿ ಅದೇ ಗುಂಪಿನವರು ಮಾಡಿದ ಇನ್ನೊಂದು ಅಧ್ಯಯನದಲ್ಲಿ ವ್ಯಾಯಾಮ ಇಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಬಲ ಬರಲೇ ಇಲ್ಲ. ಜಿಮ್ ಬೇಡ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ದಿನಕ್ಕೆ ಎರಡು ಸಲ, ಆದಷ್ಟು. ಪಕ್ಕದಲ್ಲಿ ಒಬ್ಬರು ನಿಂತಿರಿ. "ರೆಸ್ಟ್ ತಗೊಳ್ಳಿ ಅಮ್ಮ" ಅನ್ನುವುದನ್ನು ನಿಲ್ಲಿಸಿ. ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದರೆ ಆರೋಗ್ಯವಾಗಿರುವ ವಯಸ್ಸಾದವರೂ ಕಾಲುಗಳಿಂದಲೇ ಸುಮಾರು 1 ಕೆ.ಜಿ. ಸ್ನಾಯು ಕಳೆದುಕೊಳ್ಳುತ್ತಾರೆ, ಅದನ್ನೂ ಅಳೆದು ನೋಡಿದ್ದಾರೆ.

ಇಷ್ಟು ಗದರುವ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ನಮ್ಮ ಅಪ್ಪ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿಕೊಂಡು ಬಂದು ತೋರಿಸಿದಾಗ "ಭೇಷ್, ಶುಗರ್ ಕಂಟ್ರೋಲಿಗೆ ಬಂತು" ಅಂದಿದ್ದೆ. ಎರಡನೇ ತೂತು ಹಾಕುವ ಹೊತ್ತಿಗೆ ಬಚ್ಚಲಲ್ಲಿ ಬಿದ್ದರು. ಅವತ್ತಿಂದ ಯಾರು ಬಂದರೂ ನಾನು ಮೊದಲು ಬೆಲ್ಟು, ಉಂಗುರ, ಕೈಗಡಿಯಾರ ನೋಡುತ್ತೇನೆ.

ಉಳಿದ ಪ್ರಶ್ನೆಗಳಿಗೆ ಜಾಗ ಕಡಿಮೆ ಇದೆ, ತಾಳ್ಮೆಯೂ ಕಡಿಮೆ ಇದೆ.

"ಯಾವ ಕಂಪನಿಯ ಪ್ರೋಟೀನ್ ಪುಡಿ ಒಳ್ಳೆಯದು?" ಅಗಿದು ನುಂಗಲು ಆಗುವವರಿಗೆ ಊಟ ಒಳ್ಳೆಯದು.

"ಪರಿಚಯದವರೊಬ್ಬರು ಕೊಟ್ಟ ಪುಡಿಯಿಂದ ವಾರದಲ್ಲೇ ಹಸಿವು ಜಾಸ್ತಿಯಾಯಿತು, ಮಂಡಿನೋವೂ ಮಾಯವಾಯಿತು. ಮುಂದುವರಿಸಬಹುದಾ?" ವಾರದಲ್ಲೇ ಎರಡೂ ಆಯಿತು ಅಂದರೆ ನನ್ನ ಮೊದಲ ಅನುಮಾನ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ. ಇಂಥ ಪುಡಿಗಳಲ್ಲಿ ಅದು ಎಷ್ಟೋ ಸಲ ಸಿಕ್ಕಿದೆ. ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ದಿಢೀರ್ ಅಂತ ನಿಲ್ಲಿಸುವುದೂ ಅಪಾಯ, ಪುಡಿಯ ಸಮೇತ ಡಾಕ್ಟರ ಹತ್ತಿರ ಹೋಗಿ. ಕೊಟ್ಟವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಬರೆಯಲು ಆಗುವುದಿಲ್ಲ.

"ಬಿಪಿಗೆ ಮಾಮೂಲಿ ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು ತಂದಿದ್ದೇವೆ, ಸರಿ ತಾನೆ?" ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಿಗೆ, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ತರಹದ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎದೆಬಡಿತವೇ ತಪ್ಪಬಹುದು. ಡಾಕ್ಟರನ್ನು ಕೇಳುವವರೆಗೆ ಪೊಟ್ಟಣ ಒಡೆಯಬೇಡಿ.

"ಪಾದ ಜುಮ್ ಅನ್ನುತ್ತದೆ, ಮರೆವು ಬೇರೆ. ವಯಸ್ಸಿನದ್ದಾ?" ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ. ಮೆಟ್‌ಫಾರ್ಮಿನ್, ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆ, ಎರಡೂ ಬಿ12 ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತವೆ.

"ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಶುರುವಾದ ಮೇಲೆ ಸೊಪ್ಪು ಪೂರ್ತಿ ಬಿಟ್ಟಿದ್ದೇನೆ." ಯಾಕೆ ಬಿಟ್ಟಿರಿ? ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಮತ್ತೆ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಇದ್ದಕ್ಕಿದ್ದಂತೆ ಜಾಸ್ತಿ ಮಾಡಿದರೂ ಕಡಿಮೆ ಮಾಡಿದರೂ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಅಡ್ಡಾದಿಡ್ಡಿ ಆಗುತ್ತದೆ.

"ಕ್ಯಾಲ್ಸಿಯಂ ಮಾತ್ರೆ, ಥೈರಾಯ್ಡ್ ಮಾತ್ರೆ ಒಟ್ಟಿಗೆ ನುಂಗಬಹುದಾ?" ನಾಲ್ಕು ಗಂಟೆ ಅಂತರ ಇರಲಿ.

"ಊಟ ಮಾಡುವಾಗ, ನೀರು ಕುಡಿಯುವಾಗ ಅಪ್ಪನಿಗೆ ಕೆಮ್ಮು ಬರುತ್ತದೆ, ಆಮೇಲೆ ದನಿ ಗೊರಗೊರ ಅನ್ನುತ್ತದೆ. 81 ವರ್ಷ, ಸಹಜ ತಾನೆ?" ಸಹಜ ಅಲ್ಲ. ನುಂಗಿದ್ದು ಶ್ವಾಸಕೋಶದ ಕಡೆ ಹೋಗುತ್ತಿರಬಹುದು, ನ್ಯುಮೋನಿಯಾ ಶುರುವಾಗುವುದು ಹೀಗೇ. ನುಂಗುವುದನ್ನು ಪರೀಕ್ಷೆ ಮಾಡುವ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ, ಡಾಕ್ಟರಿಂದ ಚೀಟಿ ಬರೆಸಿಕೊಂಡು ಈ ವಾರವೇ ಹೋಗಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ತುತ್ತು ಕೊಡಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಲು ಬಿಡಬೇಡಿ. ಜ್ವರ ಬಂದರೆ ವಾರ ಕಾಯಬೇಡಿ, ಅವತ್ತೇ ಹೊರಡಿ.