ಅಸ್ಥಿರ ಜಗತ್ತಿನಲ್ಲಿ ಪ್ರಯಾಣ ಮತ್ತು ಇಂಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ತಿಂಗಳ ನಂತರದ ವಿದೇಶ ಪ್ರವಾಸಕ್ಕೆ ವಿಮಾನದ ಟಿಕೆಟ್ ಕಾಯ್ದಿರಿಸಿದ್ದೇವೆ. ನಾವು ಹೋಗುವ ದೇಶ ಶಾಂತವಾಗಿದೆ, ಆದರೆ ನಡುವೆ ವಿಮಾನ ಬದಲಿಸಬೇಕಾದ ನಗರದ ಸುತ್ತ ಯುದ್ಧದ ವಾತಾವರಣವಿದೆ. ಈಗಲೇ ರದ್ದು ಮಾಡುವುದು ಲೇಸೇ? ಪ್ರವಾಸ ವಿಮೆ ಮಾಡಿಸಿದರೆ ಸಾಲದೇ?

ಉತ್ತರ: ಆತುರಪಟ್ಟು ರದ್ದು ಮಾಡಬೇಡಿ. ಟಿಕೆಟ್ಟನ್ನು ನೀವಾಗಿಯೇ ರದ್ದು ಮಾಡಿದರೆ ಅದರ ಷರತ್ತಿನಂತೆ ಹಣ ಕಡಿತವಾಗುತ್ತದೆ. ವಿಮಾನ ಸಂಸ್ಥೆಯೇ ಹಾರಾಟ ನಿಲ್ಲಿಸಿದರೆ ಹಲವು ದೇಶಗಳಲ್ಲಿ ಪೂರ್ತಿ ಹಣವನ್ನೋ ಬದಲಿ ಪ್ರಯಾಣವನ್ನೋ ಕೇಳುವ ಹಕ್ಕು ನಿಮಗಿದೆ. ಐರೋಪ್ಯ ಒಕ್ಕೂಟದ 2004ರ ನಿಯಮದ ಪ್ರಕಾರ, ಯುದ್ಧದಂತಹ ಅಸಾಧಾರಣ ಕಾರಣಕ್ಕೆ ಹಾರಾಟ ರದ್ದಾದಾಗ ಪ್ರತ್ಯೇಕ ಪರಿಹಾರಧನ ಸಿಗದಿದ್ದರೂ, ಟಿಕೆಟ್ಟಿನ ಹಣ ಹಿಂದಿರುಗಿಸುವ ಅಥವಾ ಬದಲಿ ಹಾರಾಟ ಸಿಗುವವರೆಗೆ ಊಟ, ವಸತಿ ನೋಡಿಕೊಳ್ಳುವ ಹೊಣೆಯಿಂದ ಸಂಸ್ಥೆ ನುಣುಚಿಕೊಳ್ಳುವಂತಿಲ್ಲ.

ವಿಮೆಯ ಮೇಲೆ ನೀವು ಇಟ್ಟಿರುವಷ್ಟು ಭರವಸೆ ನನಗಿಲ್ಲ. ಬಹಳಷ್ಟು ಪಾಲಿಸಿಗಳು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ಸಂಘರ್ಷ ಸುದ್ದಿಯಾದ ಮೇಲೆ ಕೊಂಡ ಪಾಲಿಸಿಗೆ ಅದು ‘ಮೊದಲೇ ತಿಳಿದಿದ್ದ ಸಂಗತಿ’ ಎನಿಸಿಕೊಳ್ಳುತ್ತದೆ. ಕಂತು ಕಟ್ಟುವ ಮೊದಲು, ಯಾವುದಕ್ಕೆ ಪರಿಹಾರವಿಲ್ಲ ಎಂಬ ಭಾಗವನ್ನು ಓದಿ. ಜಾಹೀರಾತಿನಲ್ಲಿ ಕಾಣದಿರುವುದೆಲ್ಲ ಅಲ್ಲಿ ಇರುತ್ತದೆ.

ನಿಮ್ಮ ನಿಜವಾದ ತೊಡಕು ನಡುವಿನ ನಗರ. ವಾಯುಪ್ರದೇಶ ಮುಚ್ಚಿದರೆ ವಿಮಾನ ಸುತ್ತುಬಳಸಿ ಹೋಗಬೇಕು. 2022ರಲ್ಲಿ ರಷ್ಯಾ ಐರೋಪ್ಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಷ್ಟಿದ್ದ ಹಾರಾಟ ಹದಿಮೂರು ಗಂಟೆಯ ಸುಮಾರಿಗೆ ಏರಿತು. ಹೆಚ್ಚು ಹೊತ್ತೆಂದರೆ ಹೆಚ್ಚು ಇಂಧನ, ಹೆಚ್ಚು ಸಿಬ್ಬಂದಿ, ದಿನಕ್ಕೆ ಕಡಿಮೆ ಸುತ್ತು. ಆ ಖರ್ಚು ದರದ ಮೂಲಕ ಪ್ರಯಾಣಿಕರ ತಲೆಗೇ ಬರುತ್ತದೆ. ಆದ್ದರಿಂದ ಮೊದಲು ನೋಡಬೇಕಾದುದು ನಿಮ್ಮ ಎರಡು ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿವೆಯೇ ಎಂಬುದನ್ನು. ಒಂದೇ ಟಿಕೆಟ್ಟಾದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ನಿಮ್ಮನ್ನು ಗುರಿ ಮುಟ್ಟಿಸುವ ಜವಾಬ್ದಾರಿ ಸಂಸ್ಥೆಯದು. ಅಗ್ಗವೆಂದು ಬೇರೆ ಬೇರೆಯಾಗಿ ಕೊಂಡಿದ್ದರೆ ಎರಡನೆಯ ಟಿಕೆಟ್ ಕೈಬಿಟ್ಟಂತೆಯೇ. ಹೋಟೆಲ್ಲನ್ನು ಕೊನೆಯ ದಿನಗಳವರೆಗೂ ರದ್ದು ಮಾಡಬಹುದಾದ ಷರತ್ತಿಗೆ ಬದಲಿಸಿಕೊಳ್ಳಿ. ವೀಸಾದ ಅವಧಿ ಹಿಂತಿರುಗುವ ದಿನಕ್ಕೇ ಮುಗಿಯದಂತೆ ನೋಡಿಕೊಳ್ಳಿ, ನಿತ್ಯದ ಔಷಧಿಯನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಇಂತಹ ಕಾಲದಲ್ಲಿ ಹೋಗುವುದು ಅಷ್ಟು ಕಷ್ಟವಲ್ಲ, ನೆನೆಸಿದ ದಿನಕ್ಕೆ ಮರಳುವುದು ಕಷ್ಟ.

ಪ್ರಶ್ನೆ: ನಮಗೆ ಸ್ವಂತ ವಾಹನವೇ ಇಲ್ಲ. ಹಾಗಿದ್ದೂ ದೂರದ ಸಮುದ್ರದಲ್ಲಿ ಹಡಗು ನಿಂತರೆ ನಮ್ಮ ದಿನಸಿ ಏಕೆ ದುಬಾರಿಯಾಗಬೇಕು?

ಉತ್ತರ: ಪೆಟ್ರೋಲ್ ಬೆಲೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಸಂಸಾರದ ಲೆಕ್ಕವನ್ನು ಕೆಡಿಸುವುದು ಡೀಸೆಲ್. ಲಾರಿ, ಟ್ರ್ಯಾಕ್ಟರ್, ಮೀನುಗಾರಿಕೆಯ ದೋಣಿ, ವಿದ್ಯುತ್ ಹೋದಾಗ ಓಡುವ ಜನರೇಟರ್ ಬಹುಪಾಲು ಅದನ್ನೇ ನಂಬಿವೆ. ಸಾಮಾನ್ಯ ದಿನಗಳಲ್ಲಿ ಜಗತ್ತು ಬಳಸುವ ತೈಲದ ಸುಮಾರು ಐದನೆಯ ಒಂದು ಭಾಗ ಇರಾನ್ ಮತ್ತು ಒಮಾನ್ ನಡುವಿನ ಹೊರ್ಮುಜ್ ಜಲಸಂಧಿಯಿಂದಲೇ ಹಾದುಹೋಗುತ್ತದೆ. ಕತಾರಿನ ದ್ರವೀಕೃತ ನೈಸರ್ಗಿಕ ಅನಿಲಕ್ಕೂ ಅದೇ ಬಾಗಿಲು. ಯೂರಿಯಾದಂತಹ ಸಾರಜನಕ ಗೊಬ್ಬರ ಹೆಚ್ಚಾಗಿ ನೈಸರ್ಗಿಕ ಅನಿಲದಿಂದಲೇ ತಯಾರಾಗುವುದರಿಂದ ಅನಿಲದ ಕೊರತೆ ಒಂದೆರಡು ಹಂಗಾಮು ಕಳೆದ ಮೇಲೆ ಧಾನ್ಯದ ಬೆಲೆಯಲ್ಲಿ ಕಾಣಿಸಿಕೊಳ್ಳಬಹುದು. ಇನ್ನು ಹಡಗಿನ ಮಾತು: 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಸಾಗಿದವು. ಹಾಗೆ ಹೆಚ್ಚಿದ ದಿನಗಳ ಬಾಡಿಗೆ, ಇಂಧನ, ವಿಮೆ ಎಲ್ಲವೂ ಪೆಟ್ಟಿಗೆಯೊಳಗಿನ ಸರಕಿನ ಮೇಲೆಯೇ ಬೀಳುತ್ತವೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಬಂದಿತು. ಮರುವರ್ಷ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ರಾಷ್ಟ್ರಗಳು ತಮ್ಮ ನಿವ್ವಳ ಆಮದಿನ 90 ದಿನಗಳಿಗೆ ಸಾಲುವಷ್ಟು ತೈಲವನ್ನು ದಾಸ್ತಾನು ಇಡಬೇಕೆಂಬ ಕಟ್ಟುಪಾಡಿದೆ. ಈ ದಾಸ್ತಾನು ಕೊರತೆಯ ಹೊಡೆತವನ್ನು ತಗ್ಗಿಸುತ್ತದೆಯೇ ಹೊರತು ಬೆಲೆಯನ್ನು ಕಟ್ಟಿಹಾಕಲಾರದು.

ಪ್ರಶ್ನೆ: ಕೊರತೆಯ ಸುದ್ದಿ ಬಂದ ಕೂಡಲೇ ನಾಲ್ಕು ಕ್ಯಾನ್ ಪೆಟ್ರೋಲ್ ತುಂಬಿಸಿಡುವುದು ತಪ್ಪೇ?

ಉತ್ತರ: ತಪ್ಪು, ಅಪಾಯವೂ ಹೌದು. ಪೆಟ್ರೋಲಿನ ಆವಿ ಮನೆಯೊಳಗಿನ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಇಂಧನಕ್ಕೆ ಕೊರತೆಯಿರಲಿಲ್ಲ, ಟ್ಯಾಂಕರ್ ಚಾಲಕರಿಗೆ ಕೊರತೆಯಿತ್ತು. ಕೆಲವೇ ಬಂಕುಗಳು ಮುಚ್ಚಿದ ಸುದ್ದಿ ಕೇಳಿ ಜನ ಮುಗಿಬಿದ್ದುದರಿಂದ ಸಾವಿರಾರು ಬಂಕುಗಳು ಬರಿದಾಗಿ, ಕೊನೆಗೆ ಸೈನಿಕರು ಟ್ಯಾಂಕರ್ ಓಡಿಸಬೇಕಾಯಿತು. ಶ್ರೀಲಂಕಾದ 2022ರ ಕಥೆ ಬೇರೆ. ಅಲ್ಲಿ ಆಮದಿಗೆ ಬೇಕಾದ ವಿದೇಶಿ ವಿನಿಮಯವೇ ಮುಗಿದಿತ್ತು, ಹಾಗಾಗಿ ಕ್ಯೂಆರ್ ಕೋಡ್ ಮೂಲಕ ವಾರಕ್ಕೆ ಇಷ್ಟೇ ಲೀಟರ್ ಎಂದು ಹಂಚಿದ ಮೇಲೆಯೇ ದಿನಗಟ್ಟಲೆಯ ಸರದಿ ಕರಗಿತು. ಹಂಚಿಕೆಯ ನಿಯಮ ಬಂದಾಗ ಸಿಡಿಮಿಡಿಗೊಳ್ಳುವವರೇ ಹೆಚ್ಚು, ಆದರೆ ದಿನಗೂಲಿಯ ಚಾಲಕನಿಗೆ ಸರದಿಯಲ್ಲಿ ಕಳೆಯುವ ದಿನಕ್ಕಿಂತ ಖಚಿತವಾದ ನಾಲ್ಕು ಲೀಟರ್ ಮೇಲು.

ಪ್ರಶ್ನೆ: ವಿದ್ಯುತ್ ವಾಹನ ಕೊಂಡರೆ ಈ ಚಿಂತೆಯೆಲ್ಲ ತಪ್ಪುತ್ತದೆಯೇ?

ಉತ್ತರ: ಬಂಕಿನ ಸರದಿ ತಪ್ಪುತ್ತದೆ. ನಿಮ್ಮಲ್ಲಿ ವಿದ್ಯುತ್ತು ಆಮದು ಅನಿಲದಿಂದ ತಯಾರಾಗುತ್ತಿದ್ದರೆ ಬೆಲೆಯ ಬಿಸಿ ಇನ್ನೊಂದು ಬಿಲ್ಲಿನಲ್ಲಿ ತಟ್ಟುತ್ತದೆ, ದಿನಸಿ ತರುವ ಲಾರಿಗಂತೂ ಡೀಸೆಲ್ ಬೇಕೇ ಬೇಕು. ಹೇಗಿದ್ದರೂ ಹೊಸ ವಾಹನ ಕೊಳ್ಳುವ ಕಾಲ ಬಂದಿದ್ದರೆ ಕೊಳ್ಳಿ. ಚೆನ್ನಾಗಿ ಓಡುತ್ತಿರುವುದನ್ನು ಹೆದರಿಕೆಯಿಂದ ಮಾರಬೇಡಿ.