'ಯಾರಾದರೂ ಓದಿದ್ದಾರಾ ಮೇಡಂ?'

ಫಲಿತಾಂಶ ಬಂದ ಮರುವಾರ ನನ್ನ ಕೋಣೆಯ ಹೊರಗಿನ ಬೆಂಚು ಖಾಲಿ ಇರುವುದಿಲ್ಲ. ಮಂಗಳೂರಿನಲ್ಲಿ ಆಪ್ತಸಲಹೆಗೆ ಕುಳಿತಾಗಿನಿಂದ ಇದನ್ನು ನೋಡುತ್ತಿದ್ದೇನೆ. ಬರುವ ಮಕ್ಕಳ ಬಳಿ ಅಳು ಇರುತ್ತದೆ, ಸಿಟ್ಟು ಇರುತ್ತದೆ. ಉತ್ತರ ಪತ್ರಿಕೆಯ ಪ್ರತಿಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂದು ಕೇಳಿದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಉಂಟು. ಊರು, ವಿಷಯ, ಕೆಲವು ವಿವರ ಬದಲಿಸಿದ್ದೇನೆ. ಅವಳು ಓದಿದ ಸಂಸ್ಥೆಯ ಹೆಸರು ಬೇಡ.

ಪದವಿಯ ಕೊನೆಯ ವರ್ಷ. ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ. ಫೀಸು ಕಟ್ಟಿ ಓದಿಸಿದ್ದು ಮಾವ, ಅಮ್ಮನ ತಮ್ಮ. ಎಲ್ಲ ಪತ್ರಿಕೆಗಳಲ್ಲೂ ಒಳ್ಳೆಯ ಗ್ರೇಡ್, ಒಂದರಲ್ಲಿ ಮಾತ್ರ ಪಾಸಾಗುವಷ್ಟು. ಮಾವನೂ ಜತೆಗೆ ಬಂದಿದ್ದರು. ಅವರ ಕೈಯಲ್ಲಿ ಮೂರು ಪುಟದ ದೂರು ಇತ್ತು.

'ಇದು ಬೇಕೂಂತಲೇ ಮಾಡಿದ್ದು ಮೇಡಂ. ಆ ಲೆಕ್ಚರರಿಗೆ ಇವಳನ್ನು ಕಂಡರೆ ಆಗುವುದಿಲ್ಲ.'

'ಉತ್ತರ ಪತ್ರಿಕೆ ನೋಡಿದ್ದು ಅವರೇನಾ?' ಎಂದೆ. ಮಾವನಿಗೆ ಗೊತ್ತಿರಲಿಲ್ಲ. ಪಾಠ ಮಾಡಿದವರೇ ಸೆಮಿಸ್ಟರ್ ಪರೀಕ್ಷೆಯ ಪತ್ರಿಕೆ ತಿದ್ದುತ್ತಾರೆ ಎಂದು ಏನಿಲ್ಲ. ಬೇರೆ ಕಾಲೇಜಿನವರು ತಿದ್ದಿರಬಹುದು, ಅವರಿಗೆ ಹುಡುಗಿಯ ಹೆಸರೂ ಕಾಣಿಸಿರಲಿಕ್ಕಿಲ್ಲ.

ಮಾವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ದುಪಟ್ಟಾದ ಅಂಚನ್ನು ಬೀಡಿ ಎಲೆಯ ಹಾಗೆ ಸುರುಳಿ ಸುತ್ತುತ್ತಿದ್ದಳು, ಬಿಡಿಸುತ್ತಿದ್ದಳು. ಯಾವ ಪ್ರಶ್ನೆಗೆ ಚೆನ್ನಾಗಿ ಬರೆದಿದ್ದೆ ಎಂದು ಕೇಳಿದೆ. ಆಗ ತಲೆ ಎತ್ತಿದಳು.

'ಅಸಂಘಟಿತ ಕಾರ್ಮಿಕರ ಮೇಲೆ ಒಂದು ದೊಡ್ಡ ಪ್ರಶ್ನೆ ಇತ್ತು. ಅದಕ್ಕೆ ಅಮ್ಮನ ಕೆಲಸ ಬರೆದೆ. ಎಲೆ ನೆನೆಸುವುದು, ಕತ್ತರಿಸುವುದು, ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ಸರಿ ಇಲ್ಲ ಅಂತ ತೆಗೆದು ಹಾಕಿದ ಬೀಡಿಗೆ ದುಡ್ಡಿಲ್ಲ. ಎರಡೂವರೆ ಪುಟ ಬರೆದಿದ್ದೆ.' ಸ್ವಲ್ಪ ಸುಮ್ಮನಿದ್ದು ಹೇಳಿದಳು: 'ಮಾರ್ಕು ಎಷ್ಟಾದರೂ ಆಗಲಿ ಮೇಡಂ. ಅದನ್ನು ಯಾರಾದರೂ ಓದಿದ್ದಾರಾ ಅಂತ ಒಂದು ಗೊತ್ತಾದರೆ ಸಾಕು.'

ಆ ಮಾತಿನ ಮುಂದೆ ಮಾವನ ಮೂರು ಪುಟ ನನಗೆ ಬೇಡವಾಯಿತು. ಅವಳ ಪ್ರಶ್ನೆಗೆ ಉತ್ತರ ಸಿಗುವ ಜಾಗ ಒಂದೇ, ಅವಳ ಉತ್ತರ ಪತ್ರಿಕೆ. ಫೋನಿನಲ್ಲಿ ವಿಶ್ವವಿದ್ಯಾಲಯದ ಅಧಿಸೂಚನೆ ತೆರೆಸಿದೆ. ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಲು ಇನ್ನು ಎರಡೇ ದಿನ ಇತ್ತು. ಅಲ್ಲೇ ಕುಳಿತು ಅರ್ಜಿ ತುಂಬಿದೆವು. ಮಾವನನ್ನು ಒಳಗೆ ಕರೆದು, ಪ್ರತಿ ಕೈಗೆ ಬರುವವರೆಗೆ ದೂರು ಕೊಡಬೇಡಿ ಎಂದೆ. ಅವರಿಗೆ ಹಿಡಿಸಲಿಲ್ಲ. ನೀವು ಲೆಕ್ಚರರ ಪರ ಅಲ್ವಾ ಎಂದೇ ಕೇಳಿದರು.

ಯಾಕೆ ಹಾಗೆ ಹೇಳಿದೆ ಎಂದು ಬಿಡಿಸಿ ಹೇಳಬೇಕು. ಪತ್ರಿಕೆಯ ಪ್ರತಿ, ಮರುಎಣಿಕೆ, ಮರುಮೌಲ್ಯಮಾಪನ ಇವು ಬೇರೆ ಬೇರೆ ಅರ್ಜಿಗಳು. ಶುಲ್ಕವೂ ಕೊನೆಯ ದಿನವೂ ಬೇರೆ ಇರಬಹುದು. ಮರುಎಣಿಕೆಯಲ್ಲಿ ಅಂಕ ಕೂಡಿದ್ದು ಸರಿಯಾ, ತಿದ್ದದೆ ಬಿಟ್ಟ ಉತ್ತರ ಉಂಟಾ ಎಂದು ನೋಡುತ್ತಾರೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬರು ಮೊದಲಿನಿಂದ ಓದುತ್ತಾರೆ. ಅದರಲ್ಲಿ ಅಂಕ ಕಡಿಮೆಯಾದರೆ ಯಾವುದು ಉಳಿಯುತ್ತದೆ ಎಂಬ ನಿಯಮವನ್ನು ಮೊದಲೇ ಓದಿಕೊಳ್ಳಿ. ಫೇಲಾದವರು ಮರುಮೌಲ್ಯಮಾಪನ ನಂಬಿ ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟದೆ ಕೂರಬೇಡಿ. ಆಂತರಿಕ ಅಂಕದ ತಕರಾರು ಇದ್ದರೆ ಅದಕ್ಕೆ ದಾರಿಯೇ ಬೇರೆ. ಅಂಕಗಳು ಕಾಲೇಜಿನಿಂದ ಹೋಗುವ ಮೊದಲೇ ವಿಭಾಗದಲ್ಲಿ ಬರಹದಲ್ಲಿ ಕೇಳಬೇಕು.

ನಮ್ಮ ಊರಲ್ಲಿ ಇನ್ನೊಂದು ಗೊಂದಲ ಉಂಟು. ಒಂದೇ ಪಿಜಿಯಲ್ಲಿ (ಬಾಡಿಗೆ ವಸತಿಯಲ್ಲಿ) ಇರುವ ನಾಲ್ಕು ಮಕ್ಕಳ ವಿಶ್ವವಿದ್ಯಾಲಯ ನಾಲ್ಕು ಇರಬಹುದು. ಬಿಕಾಂ ಹುಡುಗಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಇಂಜಿನಿಯರಿಂಗಿನವಳಿಗೆ ಬೆಳಗಾವಿ, ನರ್ಸಿಂಗಿನವಳಿಗೆ ಬೆಂಗಳೂರು, ಕಾನೂನು ಓದುವವಳಿಗೆ ಹುಬ್ಬಳ್ಳಿ. ಸ್ವಾಯತ್ತ ಕಾಲೇಜು, ಡೀಮ್ಡ್ ವಿಶ್ವವಿದ್ಯಾಲಯಗಳು ಪರೀಕ್ಷೆಯನ್ನು ತಾವೇ ನಡೆಸುತ್ತವೆ. ಹಾಗಾಗಿ ಗೆಳತಿ ಹೇಳಿದ ದಿನಾಂಕ ನಂಬಬೇಡಿ, ನಿಮ್ಮ ಅಧಿಸೂಚನೆ ನೋಡಿ.

ಪ್ರತಿ ಕೊಡುವ ವ್ಯವಸ್ಥೆ ಇಲ್ಲದ ಕಡೆಯೂ, ಮಾಹಿತಿ ಹಕ್ಕಿನಡಿ ತನ್ನ ತಿದ್ದಿದ ಉತ್ತರ ಪತ್ರಿಕೆ ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಉಂಟು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ತಿದ್ದಿದವರ ಹೆಸರು ಮಾತ್ರ ಸಿಗುವುದಿಲ್ಲ. ಆದರೆ ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಹಿಡಿಯಬಹುದು. ಅಷ್ಟರಲ್ಲಿ ಮರುಮೌಲ್ಯಮಾಪನದ ಕೊನೆಯ ದಿನ ಮುಗಿದಿರುತ್ತದೆ.

ಇನ್ನು ಮಾವನ ದೂರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ವಿದ್ಯಾರ್ಥಿಗಳಿಗೆ ಕುಂದುಕೊರತೆ ಸಮಿತಿ ಇರಬೇಕು, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇರಬೇಕು. ಸುಮ್ನೆ ಅಂಕ ಕಡಿಮೆ ಬಂತು ಎಂದರೆ ಓಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವುದಿಲ್ಲ. ಫಲಿತಾಂಶ ಬದಲಾಗುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಬೇಕು. ಮಾವನ ಮೂರು ಪುಟದಲ್ಲಿ ಪ್ರಶ್ನೆ ಸಂಖ್ಯೆ ಒಂದೂ ಇರಲಿಲ್ಲ. ನಿಜವಾಗಿ ತಾರತಮ್ಯ ಆಗಿದ್ದರೆ ನಾನೇ ಜತೆಗೆ ಕುಳಿತು ದೂರು ಬರೆಸುತ್ತಿದ್ದೆ. ಬೇರೆಯವರಿಗೆ ಬರೆಸಿದ್ದೂ ಉಂಟು.

ಅರ್ಜಿ ತುಂಬಿಸುವುದು ಗುಮಾಸ್ತರ ಕೆಲಸ, ನೀವು ನೋವು ಕೇಳಬೇಕು ಎಂದು ಜತೆಯವರೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಸಾಯುವ ಮಾತು ಬಂದರೆ, ನಿದ್ದೆ ಊಟ ಬಿಟ್ಟಿದ್ದರೆ, ಅರ್ಜಿ ಆಮೇಲೆ, ಮೊದಲು ಜೀವ. ಅಂಥ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಂಟು, ಕರೆ ಮಾಡಿ. ಇವಳ ಸ್ಥಿತಿ ಹಾಗಿರಲಿಲ್ಲ. ಕೇಳಿ ತಿಳಿದುಕೊಂಡೇ ಮುಂದೆ ಹೋದೆ. ಇವಳ ನೋವಿನೊಳಗೆ ಒಂದು ಪ್ರಶ್ನೆ ಇತ್ತು, ಅದಕ್ಕೆ ಉತ್ತರ ಸಿಗುವಂತಿತ್ತು, ಎರಡು ದಿನ ಕಳೆದರೆ ಸುಲಭದಲ್ಲಿ ಸಿಗುವಂತಿರಲಿಲ್ಲ. ಸಮಾಧಾನದ ಮಾತು ಮುಂದಿನ ವಾರವೂ ಹೇಳಬಹುದಿತ್ತು.

ಪ್ರತಿ ಬಂದ ದಿನ ಒಬ್ಬಳೇ ಬಂದಳು. ಮೊದಲು ಪ್ರಶ್ನೆಯನ್ನು ಗಟ್ಟಿಯಾಗಿ ಓದು, ಆಮೇಲೆ ನಿನ್ನ ಉತ್ತರ ಎಂದೆ. 'ಸಮಸ್ಯೆಗಳು ಮತ್ತು ಸರ್ಕಾರದ ಕ್ರಮಗಳು' ಎಂದು ಓದಿದವಳು ಅಲ್ಲೇ ನಿಂತಳು. ಕ್ರಮಗಳನ್ನು ಅವಳು ಬರೆದೇ ಇರಲಿಲ್ಲ. ಪುಟ ತಿರುಗಿಸಿದಳು. ಸಾವಿರ ಬೀಡಿಯ ಮಜೂರಿ ಬರೆದ ಸಾಲಿನ ಕೆಳಗೆ ಪೆನ್ನಿನ ಗೆರೆ, ಪಕ್ಕದಲ್ಲಿ ಸರಿ ಗುರುತು. 'ಓದಿದ್ದಾರೆ' ಎಂದಳು. ಮತ್ತೆ ಮತ್ತೆ ಅದನ್ನೇ ನೋಡಿದಳು.

ಕೊನೆಯ ಪುಟದಲ್ಲಿ ಬರೆದಿದ್ದ ಒಂದು ಸಣ್ಣ ಉತ್ತರಕ್ಕೆ ಮಾತ್ರ ಅಂಕವೇ ಇರಲಿಲ್ಲ. ಪುಟ ಸಂಖ್ಯೆ, ಪ್ರಶ್ನೆ ಸಂಖ್ಯೆ ಹಾಕಿ ಮರುಎಣಿಕೆಗೆ ಬರೆದಳು. ದೊಡ್ಡ ಉತ್ತರವನ್ನು ಮರುಮೌಲ್ಯಮಾಪನಕ್ಕೆ ಹಾಕಬೇಕಾ ಎಂದು ಕೇಳಿದೆ. ಬೇಡ ಎಂದಳು. ನಾಲ್ಕು ಅಂಕ ಸೇರಿತು, ಗ್ರೇಡ್ ಬದಲಾಗಲಿಲ್ಲ. ಮಾವನಿಗೆ ಇನ್ನೂ ಸಮಾಧಾನ ಇಲ್ಲ, ಅದು ನನ್ನನ್ನೂ ಕಾಡುತ್ತದೆ. ಅಷ್ಟು ವರ್ಷ ಫೀಸು ಕಟ್ಟಿದವರಿಗೆ ನಾನು ಇನ್ನೂ ಸ್ವಲ್ಪ ಹೊತ್ತು ಕೊಡಬೇಕಿತ್ತು.

ಆ ಎರಡೂವರೆ ಪುಟವನ್ನು ಅವಳು ಮನೆಯಲ್ಲಿ ಅಮ್ಮನಿಗೆ ತುಳುವಿನಲ್ಲಿ ಓದಿ ಹೇಳಿದಳಂತೆ. ಅಮ್ಮ ಎಲೆ ಕತ್ತರಿಸುತ್ತಲೇ ಕೇಳಿಸಿಕೊಂಡರಂತೆ.