ಚಾಕು ಮಾಡೋಕೆ ಮೊದಲು ಬೇಕಾದ್ದು ಕುಲುಮೆ ಅಲ್ಲ

ಮನೆಯಲ್ಲೇ ಚಾಕು ಮಾಡುವ ಆಸೆಯವರು ಈಚೆಗೆ ಜಾಸ್ತಿಯಾಗಿದ್ದಾರೆ. ಒಳ್ಳೇದೇ. ಆದರೆ ಅದೇ ನಾಲ್ಕೈದು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಅವಕ್ಕೆ ತಪ್ಪು ಉತ್ತರ ಹೇಳಿ ದುಡ್ಡು ಮಾಡಿಕೊಳ್ಳುವವರೂ ಹುಟ್ಟಿಕೊಂಡಿದ್ದಾರೆ. ಅದಕ್ಕೇ ಈ ಸಲ ಇದನ್ನೇ ಎತ್ತಿಕೊಂಡಿದ್ದೇನೆ. ಡ್ರಿಲ್ ಹಿಡಿಯುವುದು, ಗರಗಸ ಎಳೆಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಮನೆ ಹಿಂದೆ ಹತ್ತು ಅಡಿಗೆ ಹನ್ನೆರಡು ಅಡಿಯ ಶೀಟಿನ ಶೆಡ್ ಇದೆ. 40 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಗ್ಯಾಸ್ ಕುಲುಮೆ, ಅಡಿಗಲ್ಲು (ಕಾಯಿಸಿದ ಉಕ್ಕನ್ನು ಇಟ್ಟು ಬಡಿಯುವ ದಿಮ್ಮಿ), ಬೆಲ್ಟ್ ಗ್ರೈಂಡರ್ ಇವುಗಳಲ್ಲಿ ಯಾವುದನ್ನು ಮೊದಲು ಕೊಳ್ಳಲಿ? ಅಡಿಗಲ್ಲಿಗೆ ರೈಲು ಹಳಿಯ ತುಂಡು ಸಾಕಾ? ಉಕ್ಕಿಗೆ ಲಾರಿಯ ಹಳೇ ಕಮಾನು ಪಟ್ಟಿ ಗುಜರಿಯಲ್ಲಿ ಸಿಕ್ಕಿದೆ. (ತಿಪಟೂರು)

ಉತ್ತರ: ಸದ್ಯಕ್ಕೆ ಮೂರೂ ಬೇಡ. ಕಾಯಿಸಿ ಬಡಿದರೇನೇ ಚಾಕು ಅಂತ ಯಾರು ಹೇಳಿದರೋ ಗೊತ್ತಿಲ್ಲ. ಪಟ್ಟಿಯನ್ನು ಗರಗಸದಲ್ಲಿ ಕತ್ತರಿಸಿ, ಅರದಲ್ಲಿ ಉಜ್ಜಿ ಇಳಿಸಿದರೂ ಅದೇ ಆಕಾರ ಬರುತ್ತದೆ. ಬಡಿದಷ್ಟೂ ಅಲಗು ಗಟ್ಟಿ ಅನ್ನುವುದೂ ಸುಳ್ಳು. ಹದಕ್ಕಾಗಿ, ಅಂದರೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವುದಕ್ಕಾಗಿ, ಮತ್ತೆ ಕೆಂಪಗೆ ಕಾಯಿಸಿದಾಗ ಬಡಿತದಿಂದ ಬಂದ ಗಟ್ಟಿತನ ಹೋಗಿಬಿಡುತ್ತದೆ. ಚಾಕು ಚಾಕುವಾಗುವುದು ಹದದಲ್ಲಿ. ಆ ಹದ ಕೂರಬೇಕಾದರೆ ಕೈಯಲ್ಲಿರುವ ಉಕ್ಕು ಯಾವುದು ಅಂತ ಗೊತ್ತಿರಬೇಕು.

ಹಾಗಾಗಿ ಮೊದಲ ಖರ್ಚು ಉಕ್ಕಿಗೆ. ದರ್ಜೆ ಬರೆದು ಮಾರುವವರಿಂದ 1084 ಅನ್ನುವ ದರ್ಜೆಯ ಉಕ್ಕು ತರಿಸಿ, 3 ಮಿ.ಮೀ. ದಪ್ಪದ್ದು. ಅದರಲ್ಲಿ ಇಂಗಾಲ ಶೇ 0.8ರ ಆಸುಪಾಸು ಇರುತ್ತದೆ, ಬೇರೆ ಬೆರಕೆ ತೀರಾ ಕಡಿಮೆ. ಮನೆಯ ಬೆಂಕಿಯಲ್ಲಿ ಹದಕ್ಕೆ ಬರಲು ಇದರಷ್ಟು ಸಲೀಸಾದ ಉಕ್ಕು ಇಲ್ಲ. ಗುಜರಿಯ ಕಮಾನು ಪಟ್ಟಿಯ ದರ್ಜೆ ಯಾರಿಗೂ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತು ಬಾಗಿ ಬಾಗಿ ಒಳಗೆ ಕೂದಲೆಳೆಯ ಬಿರುಕು ಬಿದ್ದಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಎಣ್ಣೆಗೆ ಅದ್ದಿದಾಗ ಬಾಯಿ ಬಿಡುತ್ತದೆ. 'ಊರ ಕಮ್ಮಾರರು ಅದರಲ್ಲೇ ಮಚ್ಚು ಮಾಡ್ತಾರಲ್ವಾ?' ಅಂತ ಕೇಳಬಹುದು. ಮಾಡುತ್ತಾರೆ, ಚೆನ್ನಾಗೇ ಮಾಡುತ್ತಾರೆ. ಆ ಪಟ್ಟಿ ಜೊತೆ ಅವರ ಕೈ ಎಷ್ಟು ವರ್ಷ ಪಳಗಿದೆ! ಮಚ್ಚು ದಪ್ಪನೆಯ ಸಾಮಾನು ಬೇರೆ. ತೆಳ್ಳನೆಯ ಅಡುಗೆ ಚಾಕುವಿನ ಮಾತೇ ಬೇರೆ.

ರೈಲು ಹಳಿಯ ತುಂಡಿಗೆ ಕೈ ಹಾಕಬೇಡಿ. ಹಳಿಯಾಗಲಿ, ಹಳಿ ಹಿಡಿದಿಡುವ ಕ್ಲಿಪ್ ಆಗಲಿ, ರೈಲ್ವೆ ಆಸ್ತಿ. ಎಲ್ಲಿಂದ ಬಂತು ಅಂತ ತೋರಿಸಲಾಗದಿದ್ದರೆ 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯಡಿ ಇಟ್ಟುಕೊಂಡವರ ಮೇಲೇ ಕೇಸು. ಅಡಿಗಲ್ಲು ಬೇಕಾದಾಗ ಲೇತ್ ಅಂಗಡಿಯಲ್ಲಿ ದಪ್ಪನೆಯ ಚೌಕದ ಉಕ್ಕಿನ ತುಂಡು ಕೇಳಿ, ರಸೀದಿ ತೆಗೆದುಕೊಳ್ಳಿ.

ಎರಡನೇ ಖರ್ಚು ಮಾಸ್ಕ್. ಬಟ್ಟೆಯದ್ದಲ್ಲ, ಡಾಕ್ಟರ್ ಹಾಕುವ ನೀಲಿ ಮಾಸ್ಕೂ ಅಲ್ಲ. ಮೂಗು ಬಾಯಿ ಮುಚ್ಚುವ ರಬ್ಬರಿನ ಅರೆಮುಖದ ಮಾಸ್ಕ್, ಅದಕ್ಕೆ ಸಣ್ಣ ಧೂಳನ್ನೂ ತಡೆಯುವ ಪಿ100 ಅಥವಾ ಪಿ3 ದರ್ಜೆಯ ಫಿಲ್ಟರ್. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆ, ಗಡ್ಡ ತೆಗೆಯಿರಿ. ಈ ಮಾತಿಗೆ ಬೇಜಾರಾಗುವವರೇ ಜಾಸ್ತಿ, ಆದರೂ ನಾನು ಬಿಡುವುದಿಲ್ಲ. ಹಿಡಿಗೆ ಹಾಕುವ ಬೀಟೆಯ ಧೂಳಿನಿಂದ ಎಷ್ಟೋ ಜನರಿಗೆ ಚರ್ಮ ಕೆರೆತ ಬರುತ್ತದೆ. ಹಿಡಿಗೇ ಹಾಕುವ ಜಿ10 ಹಲಗೆ ಅಂದರೆ ಅಂಟಿನಲ್ಲಿ ಕೂಡಿಸಿದ ಗಾಜಿನ ನಾರು. ಅದರ ಪುಡಿ ಎದೆಯೊಳಗೆ ಹೋಗಬಾರದು. ಉಕ್ಕಿನ ಕಿಡಿ ಬೀಳುವ ಬಕೆಟ್ಟಿಗೆ ಮರದ ಪುಡಿಯನ್ನೂ ಗುಡಿಸಿ ಹಾಕಬೇಡಿ. ಕಿಡಿ ಒಳಗೊಳಗೇ ಕನಲಿ, ನೀವು ಬೀಗ ಹಾಕಿ ಹೋದ ಮೇಲೆ ಶೆಡ್ ಹೊತ್ತಿಕೊಳ್ಳುತ್ತದೆ.

ಆಮೇಲೆ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಗಟ್ಟಿಯಾದ ಬೆಂಚ್ ವೈಸ್. ಅಗ್ಗದ್ದು ಬೇಡ, ಅಲ್ಲಾಡದ್ದು ಬೇಕು. 12 ಇಂಚಿನ ಒರಟು ಅರ ಒಂದು, ನಯದ್ದು ಒಂದು, ಕೈ ಡ್ರಿಲ್, ಕಣ್ಣು ಕಾಯುವ ಸುರಕ್ಷಾ ಕನ್ನಡಕ, ಸ್ಯಾಂಡ್ ಪೇಪರ್. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಕಚ್ಚುವುದಿಲ್ಲ. ಹಿಡಿಯ ತೂತುಗಳನ್ನು ಹದಕ್ಕೆ ಮುಂಚೆಯೇ ಕೊರೆಯಿರಿ, ಆಮೇಲೆ ಡ್ರಿಲ್ ಇಳಿಯುವುದಿಲ್ಲ. ಅಂಚನ್ನು ಮುಕ್ಕಾಲು ಮಿಲಿಮೀಟರ್ ದಪ್ಪಕ್ಕೆ ನಿಲ್ಲಿಸಿ. ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಸೊಟ್ಟಗಾಗುತ್ತದೆ.

ಹದಕ್ಕೆ ಕುಲುಮೆ ಬೇಡವೇ? ಬೇಕು, ಆದರೆ ಸ್ವಂತದ್ದು ಬೇಡ. ನಿಮ್ಮೂರ ಕಮ್ಮಾರರ ಹತ್ತಿರ ಹೋಗಿ, ಕೂಲಿ ಕೊಟ್ಟು, ಸಂಜೆ ಅರ್ಧ ಗಂಟೆ ಕುಲುಮೆ ಕೇಳಿ. ಸಂಜೆಯೇ ಯಾಕೆ ಅಂದರೆ ಬಿಸಿಲಲ್ಲಿ ಉಕ್ಕಿನ ಬಣ್ಣ ಸುಳ್ಳು ಹೇಳುತ್ತದೆ. ಅಲಗನ್ನು ಇದ್ದಿಲಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ನಿಧಾನಕ್ಕೆ ಕಾಯಿಸಿ. ಮಂಕು ಕೆಂಪು ಏರುತ್ತಿದ್ದ ಹಾಗೆ ಒಳಗೆ ಕಪ್ಪು ನೆರಳೊಂದು ಹರಿದಾಡಿದ ಹಾಗೆ ಕಾಣುತ್ತದೆ. ಉಕ್ಕು ಒಳಗೆ ರೂಪ ಬದಲಿಸುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಆ ನೆರಳು. ಅದು ಅಂಚಿನಿಂದ ಬೆನ್ನಿನ ಕಡೆಗೆ ಸರಿದು, ಕೊನೆಗೆ ಪೂರ್ತಿ ಮಾಯವಾಗಬೇಕು. ಅಯಸ್ಕಾಂತ ಹಿಡಿದು ನೋಡಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಅಂಟುವುದು ಬಿಡುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ಅದು ಸಾಲದು. 1084ಕ್ಕೆ 815ರ ಹತ್ತಿರ ಬೇಕು, ಅಂದರೆ ಇನ್ನೊಂದು ಛಾಯೆ ಬೆಳಗಬೇಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಉಕ್ಕಿನೊಳಗಿನ ಹರಳುಗಳು ದಪ್ಪಗಾಗಿ ಅಲಗು ಪೆಡಸಾಗುತ್ತದೆ.

ತಡಮಾಡದೆ ಎಣ್ಣೆಗೆ ಇಳಿಸಿ. ಐದಾರು ಲೀಟರ್ ಸೂರ್ಯಕಾಂತಿ ಎಣ್ಣೆ, ಮೊದಲೇ 50 ಡಿಗ್ರಿಗೆ ಬೆಚ್ಚಗೆ ಮಾಡಿದ್ದು, ಮುಚ್ಚಳ ಇರುವ ಉಕ್ಕಿನ ಡಬ್ಬದಲ್ಲಿ. ಪಕ್ಕಕ್ಕೆ ಅಲ್ಲಾಡಿಸಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ. ನೀರು ಹಾಕಿದರೆ ಉರಿಯುವ ಎಣ್ಣೆ ಮೇಲೆದ್ದು ನಿಮ್ಮ ಮೈಮೇಲೇ ಬರುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಅದರ ಹೊಗೆಯಲ್ಲಿರುವುದೆಲ್ಲ ವಿಷ.

ಆರಿದ ಮೇಲೆ ಅಂಚಿಗೆ ಅರ ತಾಗಿಸಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಈಗದು ಗಾಜಿನ ಹಾಗೆ, ಕೆಳಗೆ ಬಿದ್ದರೆ ಎರಡು ತುಂಡು. ಆ ಪೆಡಸು ಇಳಿಸಲು ಅವತ್ತೇ ತೊಳೆದು ಒರೆಸಿ, ಓಟಿಜಿಯಲ್ಲಿ (ಕೇಕ್ ಬೇಯಿಸುವ ಕರೆಂಟ್ ಒಲೆ) 200 ಡಿಗ್ರಿಗೆ ಎರಡು ಗಂಟೆ ಇಡಿ. ತಣ್ಣಗಾದ ಮೇಲೆ ಇನ್ನೊಂದು ಸಲ. ಓಟಿಜಿಯ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಹೊರಬಂದಾಗ ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ.

ಹೀಗೆ ನಾಲ್ಕಾರು ಚಾಕು ಮಾಡಿ. ಅಷ್ಟಾದ ಮೇಲೂ ಆಸೆ ಉಳಿದಿದ್ದರೆ, ಮಿಕ್ಕ ಹಣದ ಜೊತೆ ಇನ್ನಷ್ಟು ಸೇರಿಸಿ 2 ಇಂಚು ಅಗಲ, 72 ಇಂಚು ಉದ್ದದ ಬೆಲ್ಟ್ ಹಾಕುವ ಗ್ರೈಂಡರ್ ಕೊಳ್ಳಿ. ಗ್ಯಾಸ್ ಕುಲುಮೆ ಕೊನೆಗೆ. ಅದಕ್ಕೆ ಅಡುಗೆಮನೆಯ ರೆಗ್ಯುಲೇಟರ್ ನಡೆಯುವುದಿಲ್ಲ, ಹೆಚ್ಚಿನ ಒತ್ತಡದ್ದು ಬೇರೆ ಬೇಕು. ಕುಲುಮೆಯ ಒಳಗಿನ ಸೆರಾಮಿಕ್ ಉಣ್ಣೆಗೆ ಬೆಂಕಿ ತಡೆಯುವ ಸಿಮೆಂಟ್ ಬಳಿಯದೆ ಹಚ್ಚಬೇಡಿ, ಅದರ ನಾರೂ ಉಸಿರಿಗೆ ಹೋಗುತ್ತದೆ. ಶೆಡ್ಡಿನ ಎರಡು ಕಡೆ ತೆರೆದಿರಲಿ. ಸೋರಿದ ಗ್ಯಾಸ್ ನೆಲದಲ್ಲೇ ಕೂರುತ್ತದೆ, ಹಾಗಾಗಿ ಬರೀ ಮೇಲಿನ ಕಿಟಕಿ ಸಾಲದು.

ಪ್ರಶ್ನೆ: ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಯಲ್ಲಿ ಚಾಕು ಆಗುತ್ತಾ? (ಹಾಸನ)

ಉತ್ತರ: ಆಗುವುದಿಲ್ಲ. ಅದರಲ್ಲಿ ಇಂಗಾಲ ಸಾಲದು.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಚಿಕ್ಕ ಕುಲುಮೆ ಇಡಬಹುದಾ? (ಬೆಂಗಳೂರು)

ಉತ್ತರ: ಬೇಡ. ಅರ ಮತ್ತು ವೈಸ್ ಇಟ್ಟುಕೊಳ್ಳಿ. ಹದಕ್ಕೆ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಗಳಿಗೆ ಕೊಡಿ. ಸ್ಟೇನ್‌ಲೆಸ್ ಅಥವಾ ಡಿ2 (ಕ್ರೋಮಿಯಂ ಜಾಸ್ತಿ ಇರುವ ಇನ್ನೊಂದು ದರ್ಜೆ) ಉಕ್ಕಾದರೆ ಎಲ್ಲರೂ ಅಲ್ಲಿಗೇ ಕೊಡಬೇಕು. ಅವು ಸಾವಿರ ಡಿಗ್ರಿ ದಾಟಿ, ಅದೇ ಶಾಖದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಪ್ರಶ್ನೆ: ಗೋಮೂತ್ರ ಮತ್ತು ಗಿಡಮೂಲಿಕೆ ರಸದಲ್ಲಿ ಅದ್ದಿದರೆ ಅಲಗು ಮೊಂಡಾಗುವುದೇ ಇಲ್ಲ ಅಂತ ಒಬ್ಬರು ದುಡ್ಡು ತೆಗೆದುಕೊಂಡು ಕಲಿಸುತ್ತಾರೆ. ಸೇರಲಾ? (ದಾವಣಗೆರೆ)

ಉತ್ತರ: ಸೇರಬೇಡಿ. ಮೊಂಡಾಗದ ಅಲಗು ಭೂಮಿ ಮೇಲೆ ಇಲ್ಲ. ಆ ರಸವೆಲ್ಲ ಕೊನೆಗೆ ಉಪ್ಪು ಬೆರೆತ ನೀರೇ. ಉಪ್ಪುನೀರು ಉಕ್ಕನ್ನು ಬರೀ ನೀರಿಗಿಂತಲೂ ಬೇಗ ತಣಿಸುತ್ತದೆ. ತೆಳ್ಳನೆಯ ಅಲಗು ಟಣ್ ಅಂತ ಸೀಳುತ್ತದೆ. ಸೀಳಿದಾಗ 'ನಿಮ್ಮ ಉಕ್ಕು ಸರಿಯಿಲ್ಲ' ಅನ್ನುತ್ತಾರೆ. ಕಷ್ಟಪಟ್ಟು ದುಡಿದ ಹುಡುಗರ ದುಡ್ಡನ್ನು ಹೀಗೆ ಕಿತ್ತುಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಮೊದಲ ಚಾಕುವೇ ಡಮಾಸ್ಕಸ್ (ಬೇರೆ ಬೇರೆ ಉಕ್ಕಿನ ಪದರ ಬೆಸೆದು ಅಲೆಯಂಥ ಗೆರೆ ಬರಿಸಿದ್ದು) ಮಾಡಬೇಕು ಅಂತಿದ್ದೇನೆ. (ಶಿವಮೊಗ್ಗ)

ಉತ್ತರ: ಸಾದಾ ಚಾಕು ಹತ್ತು ಮಾಡಿ ಬನ್ನಿ.

ಪ್ರಶ್ನೆ: ಡ್ರಿಲ್, ಗ್ರೈಂಡರ್ ಹತ್ತಿರ ಕೈಗವಸು ಹಾಕಲಾ? (ಹುಬ್ಬಳ್ಳಿ)

ಉತ್ತರ: ತಿರುಗುವ ಯಾವ ಯಂತ್ರಕ್ಕೂ ಬಟ್ಟೆಯ, ಚರ್ಮದ ಕೈಗವಸು ಬೇಡ. ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಲುಂಗಿ, ಜೋಲುವ ತೋಳಿನ ಅಂಗಿಯೂ ಬೇಡ.

ಪ್ರಶ್ನೆ: ಕನ್ನಡಿ ಹೊಳಪು ಬರಲು ಬಫಿಂಗ್ ಚಕ್ರ ಯಾವುದು ಒಳ್ಳೆಯದು? (ಮಂಗಳೂರು)

ಉತ್ತರ: ಹೊಸಬರಿಗೆ ಯಾವುದೂ ಅಲ್ಲ. ಇಡೀ ಶೆಡ್ಡಿನಲ್ಲಿ ನನಗೆ ಹೆದರಿಕೆ ಇರುವ ಯಂತ್ರ ಅದೊಂದೇ. ಮೆತ್ತನೆಯ ಬಟ್ಟೆ ಅಲಗಿನ ಅಂಚನ್ನು ಹಿಡಿದುಕೊಂಡರೆ ಚಾಕುವನ್ನು ಕೈಯಿಂದ ಕಿತ್ತು ಎಸೆಯುತ್ತದೆ, ಎಷ್ಟೋ ಸಲ ಹೊಟ್ಟೆಯ ಕಡೆಗೇ. ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ 220 ನಂಬರಿನಿಂದ ಶುರು ಮಾಡಿ, 400, 600 ಅಂತ ಕೈಯಲ್ಲೇ ಉಜ್ಜಿ. ಒಂದು ಸಂಜೆಯ ಕೆಲಸ.